ಇತ್ತೀಚೆಗೆ ಓದಿದ್ರಲ್ಲಿ ಹುರುಪು ತುಂಬಿದ ಪುಸ್ತಕ ಯಾವ್ದು? ನನ್ನ ಉತ್ತರ: ಕರ್ವಾಲೋ

ನೀವು ಕೇಳಿರೋದು, ಇತ್ತೀಚೆಗೆ ಓದಿದ್ರಲ್ಲಿ ಮನಸ್ಸಿಗೆ ಹುರುಪು ಕೊಟ್ಟ ಒಂದೇ ಒಂದು ಪುಸ್ತಕ ಹೇಳಿ, ಆದ್ರೆ ಬೆಳಿಗ್ಗೆ ಐದಕ್ಕೇಳಿ, ಗುರಿ ಬರೆದು ಗೋಡೆಗೆ ಅಂಟಿಸಿ ಅನ್ನೋ ಟೈಪಿನದ್ದು ಬೇಡ, ಅವನ್ನ ಓದಿ ಓದಿ ಸಾಕಾಗಿದೆ ಅಂತ. ನಾನೂ ಅದೇ ಸ್ಥಿತಿಲಿದ್ದೆ, ಹಾಗಾಗಿ ಜಾಸ್ತಿ ಯೋಚನೆ ಮಾಡ್ದೆ ಹೇಳ್ತೀನಿ, ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೋ ಓದಿ. 1980ರಲ್ಲಿ ಬಂದ ಕಾದಂಬರಿ, ಸಣ್ಣದು, ಎರಡು ರಾತ್ರಿ ಕೂತ್ರೆ ಮುಗಿಯುತ್ತೆ. ಮೊದಲೇ ಓದಿದೀನಿ ಅಂತೀರಾ? ಇನ್ನೊಂದ್ಸಲ ಓದಿ. ನಾನು ಕಾಲೇಜಲ್ಲಿದ್ದಾಗ ಫ್ರೆಂಡ್ ಹತ್ರ ಇಸ್ಕೊಂಡು ಓದಿದ್ದೆ, ನಕ್ಕಿದ್ದೆ, ವಾಪಸ್ ಕೊಟ್ಟಿದ್ದೆ, ಅಷ್ಟೇ. ಈ ಸಲ ಓದಿದಾಗ ಬೇರೆ ಪುಸ್ತಕನೇ ಓದ್ತಿದೀನೇನೋ ಅನ್ನಿಸ್ತು.

ನಾನಿರೋದು ಬೆಂಗಳೂರಲ್ಲಿ, ಊರು ಮಲೆನಾಡು, ಅಡಿಕೆ ತೋಟ ಇದೆ. ಆಫೀಸಲ್ಲಿ ಎಂಟು ತಿಂಗಳು ರಾತ್ರಿ ಹಗಲು ಮಾಡಿದ್ದ ಒಂದು ಪ್ರಾಜೆಕ್ಟನ್ನ ಒಂದು ಹದಿನೈದು ನಿಮಿಷದ ಮೀಟಿಂಗಲ್ಲಿ ನಿಲ್ಸಿಬಿಟ್ರು. ಕೆಲಸ ಏನೂ ಹೋಗ್ಲಿಲ್ಲ, ಸಂಬಳಾನೂ ಬರ್ತಿತ್ತು, ಆದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ ಅನ್ನೋದು ತಲೆಯಿಂದ ಇಳೀತಾನೇ ಇರ್ಲಿಲ್ಲ. ದೀಪಾವಳಿಗೆ ಊರಿಗೆ ಹೋದವನು ಒಂದು ವಾರ ರಜೆ ಜಾಸ್ತಿ ಹಾಕಿ ಅಲ್ಲೇ ಉಳ್ಕೊಂಡೆ. ಅಟ್ಟದಲ್ಲಿ ಅಪ್ಪನ ಹಳೇ ಪುಸ್ತಕಗಳ ರಟ್ಟಿನ ಡಬ್ಬಿಲಿ ಇದು ಸಿಕ್ತು, ಅಂಚೆಲ್ಲ ಗೆದ್ದಲು ತಿಂದಿತ್ತು.

ಕಥೆ ಚುಟುಕಾಗಿ ಹೇಳ್ತೀನಿ. ಮೂಡಿಗೆರೆ ಕಡೆಯ ಒಬ್ಬ ರೈತ ಕಥೆ ಹೇಳ್ತಾನೆ, ಬೇಸಾಯದ ತಾಪತ್ರಯಕ್ಕೆ ರೋಸಿಹೋಗಿದಾನೆ. ಜೇನು ಸೊಸೈಟಿಗೆ ಜೇನುತುಪ್ಪ ತರಕ್ಕೆ ಹೋದಾಗ ಮಂದಣ್ಣ ಅನ್ನೋ ಹುಡುಗನ ಪರಿಚಯ ಆಗುತ್ತೆ. ಊರವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು, ಕಾಡು ಅಲೆಯೋದು, ಜೇನು ಕೀಳೋದು, ಅವನಿಗೆ ಒಂದು ಪ್ಯೂನ್ ಕೆಲಸ ಸಿಕ್ರೆ ಸಾಕು. ಆದ್ರೆ ಕರ್ವಾಲೋ ಅನ್ನೋ ದೊಡ್ಡ ವಿಜ್ಞಾನಿ ಇದೇ ಹುಡುಗನ ಹಿಂದೆ ಬಿದ್ದಿರ್ತಾರೆ, ಯಾಕಂದ್ರೆ ಕಾಡಿನ ವಿಷಯದಲ್ಲಿ ಮಂದಣ್ಣನಿಗೆ ಇರೋ ಕಣ್ಣು ಓದಿದವರಿಗೂ ಇಲ್ಲ ಅಂತ ಅವರಿಗೆ ಗೊತ್ತು. ಇವನು ಕಂಡಿರೋ ಹಾರುವ ಓತಿಯನ್ನ ಹುಡುಕಿಕೊಂಡು ಎಲ್ಲರೂ ಸೇರಿ ಕಾಡಿಗೆ ಹೋಗ್ತಾರೆ, ಕ್ಯಾಮೆರಾ ಹಿಡ್ಕೊಂಡು ಪ್ರಭಾಕರ, ಮರ ಹತ್ತಕ್ಕೆ ಬಿರ್ಯಾನಿ ಕರಿಯಪ್ಪ, ಜೊತೆಗೆ ಕಿವಿ ಅನ್ನೋ ನಾಯಿ. ನಗು ಬರೋ ಜಾಗ ಬೇಕಾದಷ್ಟಿದೆ, ಅದನ್ನೆಲ್ಲ ನಾನು ಹೇಳಿ ಹಾಳು ಮಾಡಲ್ಲ.

ನನ್ನ ತಟ್ಟಿದ್ದು ಕರ್ವಾಲೋ ಮಂದಣ್ಣನ ಮಾತು ಕೇಳೋ ರೀತಿ. ದೊಡ್ಡ ಓದು ಓದಿದ ಮನುಷ್ಯ, ಊರೆಲ್ಲ ದಡ್ಡ ಅನ್ನೋ ಹುಡುಗ ಹೇಳಿದ್ದನ್ನ ನಂಬಿ ಹೊರಡ್ತಾರಲ್ಲ, ಅದು ಉಪಕಾರ ಮಾಡೋ ಧಾಟಿಲಿ ಇಲ್ಲ, ನಿಜವಾಗ್ಲೂ ತನಗೆ ಗೊತ್ತಿಲ್ಲದ್ದು ಇವನಿಗೆ ಗೊತ್ತಿದೆ ಅನ್ನೋ ಗೌರವ ಅದು. ಇದನ್ನ ತೇಜಸ್ವಿ ಎಲ್ಲೂ ಭಾಷಣ ಮಾಡಿ ಹೇಳಲ್ಲ. ಸಿಟಿ ಬಿಟ್ಟು ಮೂಡಿಗೆರೆಲಿ ತೋಟ ಮಾಡ್ಕೊಂಡು, 2007ರಲ್ಲಿ ತೀರಿಕೊಳ್ಳೋ ತನಕ ಅಲ್ಲೇ ಬದುಕಿದವರು, ಮೀನು ಹಿಡಿಯೋದು, ಹಕ್ಕಿ ಫೋಟೋ ತೆಗೆಯೋದು ಅಂತ ಅದರಲ್ಲೇ ಮುಳುಗಿದವರು, ಆ ಬದುಕು ಪುಸ್ತಕದೊಳಗೆ ತಾನಾಗೇ ಬಂದಿದೆ.

ಪುಸ್ತಕ ಅರ್ಧ ಓದಿದ್ದಾಗ ಒಂದು ಘಟನೆ ಆಯ್ತು, ಇದಕ್ಕೋಸ್ಕರಾನೇ ಈ ಉತ್ತರ ಬರೀತಿರೋದು. ತೋಟದಲ್ಲಿ ಅಡಿಕೆ ಗೊನೆ ತೆಗೀತಿದ್ರು. ನಮ್ಮಲ್ಲಿಗೆ ಇಪ್ಪತ್ತು ವರ್ಷದಿಂದ ಬರೋ ಒಬ್ಬ ಅಣ್ಣ ಮರದ ಮೇಲಿದ್ರು, ನಾನು ಕೆಳಗೆ ಹಗ್ಗ ಹಿಡ್ಕೊಂಡಿದ್ದೆ. ಸುಮ್ನೆ ಮಾತಿಗೆ, ಅಣ್ಣಾ, ಹಾರೋ ಓತಿ ಅಂತ ನೀವು ಯಾವತ್ತಾದ್ರೂ ನೋಡಿದೀರಾ ಅಂತ ಕೇಳ್ದೆ. ಅವರು ಮೇಲಿಂದಾನೇ "ತಮ್ಮಾ, ನಿನ್ನ ಎಡಗಡೆ ಮೂರನೇ ಮರ ನೋಡು" ಅಂದ್ರು. ನೋಡಿದ್ರೆ ಬರೀ ಮರ. ಎರಡು ನಿಮಿಷ ಕತ್ತು ನೋಯೋ ತನಕ ನೋಡಿದೆ, ಬೂದು ಬಣ್ಣದ ಕಾಂಡ, ಕಲೆ, ಪಾಚಿ, ಅಷ್ಟೇ. ಆಮೇಲೆ ಆ ಕಲೆ ಒಳಗಿಂದ ಹಳದಿ ಬಣ್ಣದ್ದೊಂದು ಚೂರು ಹೊರಗೆ ಬಂತು, ಒಳಗೆ ಹೋಯ್ತು, ಮತ್ತೆ ಬಂತು. ಗಂಡು ಓತಿ, ಗಂಟಲ ಕೆಳಗಿನ ಚರ್ಮ ಬಿಚ್ಚಿ ಮುಚ್ಚಿ ಮಾಡ್ತಿತ್ತು. ಬಾಲ ಸೇರಿ ಒಂದು ಗೇಣು ಇರಬಹುದು. ನಾನು ಒಂದು ಹೆಜ್ಜೆ ಹತ್ರ ಹೋಗಿದ್ದೇ ತಡ ಕಾಂಡದ ಆ ಕಡೆ ಸುತ್ತಿ ಮರೆಯಾಗಿ, ಸರ್ ಅಂತ ಜಿಗಿದು, ಪಕ್ಕೆ ಎರಡೂ ಕಡೆ ಬಿಚ್ಚಿಕೊಂಡು ತೇಲಿಕೊಂಡು ಹೋಗಿ ಐದಾರು ಮರ ದಾಟಿ ಕೂತ್ಕೊಂತು. ಅದರ ಪಕ್ಕೆಲುಬುಗಳು ಉದ್ದ, ಅವನ್ನ ಹರಡಿದಾಗ ಮಧ್ಯದ ಚರ್ಮ ರೆಕ್ಕೆ ಥರ ಬಿಗಿಯಾಗುತ್ತೆ, ರೆಕ್ಕೆ ಬಡಿಯೋಕೆ ಆಗಲ್ಲ, ತೇಲೋದಷ್ಟೇ. ಇವೆಲ್ಲ ನಾನು ಆಮೇಲೆ ಹುಡುಕಿ ಓದಿದ್ದು. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಇರೋ ಜಾತಿಗೆ ಡ್ರಾಕೋ ಡುಸ್ಸುಮಿಯೆರಿ ಅಂತ ಹೆಸರು.

ಮೂವತ್ನಾಲ್ಕು ವರ್ಷ, ಅದೇ ತೋಟದಲ್ಲಿ ಆಡಿ ಬೆಳೆದವನು ನಾನು, ಒಂದ್ಸಲಾನೂ ನೋಡಿರ್ಲಿಲ್ಲ! ಇಳಿದ ಮೇಲೆ ಆ ಅಣ್ಣ ಎಲೆ ಅಡಿಕೆ ಹಾಕ್ಕೊಂಡು ಕೂತು ಇನ್ನೊಂದು ವಿಷಯ ಹೇಳಿದ್ರು, ಅದು ನೆಲಕ್ಕೆ ಬರೋದೇ ಕಮ್ಮಿ, ಹೆಣ್ಣು ಮೊಟ್ಟೆ ಇಡಕ್ಕೆ ಮಾತ್ರ ಇಳೀತದೆ, ಮೂತಿಲೇ ಮಣ್ಣು ಕೆದರಿ ಇಟ್ಟು ಮುಚ್ಚಿ ಮತ್ತೆ ಮರ ಹತ್ತತದೆ ಅಂತ. ಅದೂ ಪುಸ್ತಕಗಳಲ್ಲಿ ಹಾಗೇ ಇದೆ. ಇದನ್ನೆಲ್ಲ ಮೊದಲೇ ಯಾಕೆ ಹೇಳ್ಲಿಲ್ಲ ಅಂದ್ರೆ, "ಯಾರು ಕೇಳಿದ್ರು?" ಅಂದ್ರು. ಬೇಜಾರಲ್ಲಿ ಹೇಳಿದ್ದಲ್ಲ, ಆದ್ರೂ ಆ ಮಾತು ನನಗೆ ಚುಚ್ಚಿತು. ಇಪ್ಪತ್ತು ವರ್ಷದಲ್ಲಿ ಅವರನ್ನ ನಾವು ಕೇಳಿದ್ದು ಒಂದೇ, ಇವತ್ತು ಎಷ್ಟು ಮರ ಆಯ್ತು ಅಂತ.

ಅವತ್ತು ರಾತ್ರಿ ಉಳಿದರ್ಧ ಓದಿದೆ. ಕೊನೆ ಗೊತ್ತಾಗೋದು ಬೇಡ ಅನ್ನೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಅಷ್ಟೆಲ್ಲ ಪಾಡು ಪಟ್ಟು ಹುಡುಕಿದ ಓತಿ ಕಣ್ಣಿಗೆ ಬೀಳುತ್ತೆ, ಕೈಗೆ ಸಿಗಲ್ಲ, ಪ್ರಪಾತದ ಕಡೆ ತೇಲಿಕೊಂಡು ಹೊರಟೇ ಹೋಗುತ್ತೆ. ಕಾಲೇಜಲ್ಲಿ ಓದಿದಾಗ ಅಯ್ಯೋ ಹೋಯ್ತಲ್ಲ ಅಂದ್ಕೊಂಡಿದ್ದೆ. ಈ ಸಲ ಹಾಗನ್ನಿಸ್ಲಿಲ್ಲ. ಅದು ಹಾರಿದ್ದನ್ನ ಅವರೆಲ್ಲ ನಿಂತು ನೋಡಿದ್ರಲ್ಲ, ಬೆಳಿಗ್ಗೆ ನಾನೂ ನೋಡಿದ್ದೆನಲ್ಲ. ಪುಸ್ತಕ ಮುಚ್ಚಿ ತುಂಬಾ ಹೊತ್ತು ಜಗಲಿಲಿ ಕೂತಿದ್ದೆ, ಎಷ್ಟೋ ತಿಂಗಳ ಮೇಲೆ ಆ ಪ್ರಾಜೆಕ್ಟ್ ನೆನಪಿಗೆ ಬರ್ಲಿಲ್ಲ.

ಓದೋ ಅಭ್ಯಾಸ ತಪ್ಪಿದ್ರೂ ಚಿಂತೆ ಇಲ್ಲ, ಭಾಷೆ ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ. ಮೊದಲ ಕೆಲವು ಪುಟ ಜೇನುತುಪ್ಪದ ವಿಷಯದಲ್ಲೇ ಹೋಗುತ್ತೆ, ಕಥೆ ಎಲ್ಲಿಗೆ ಹೊರಟಿದೆ ಗೊತ್ತಾಗಲ್ಲ, ಅಲ್ಲಿಗೇ ನಿಲ್ಲಿಸಬೇಡಿ. ನಾನೀಗ ಒಂದು ನೂರು ಪುಟದ ನೋಟ್‌ಬುಕ್ ತಗೊಂಡಿದೀನಿ, ಪ್ರತಿ ಭಾನುವಾರ ಆ ಅಣ್ಣನಿಗೆ ಫೋನ್ ಮಾಡಿ ತೋಟದಲ್ಲಿ ಏನೇನು ಕಂಡ್ರಿ ಅಂತ ಕೇಳಿ ಬರ್ಕೋತೀನಿ. ಹೋದ ವಾರ ಅವರೇ ಫೋನ್ ಮಾಡಿದ್ರು, ಬಾವಿ ಪಕ್ಕದ ಮರದಲ್ಲಿ ಹಾರೋ ಓತಿ ಜೋಡಿ ಬಂದು ಕೂತಿದಾವಂತೆ.