ಬೋರ್ಡಿನಲ್ಲಿ ಗುತ್ತಿಗೆದಾರರ ಹೆಸರಿದೆ, ಕೂಲಿಯವರ ಲೆಕ್ಕ ಎಲ್ಲಿದೆ?

ಮೈಸೂರಿನ ಕುವೆಂಪುನಗರದಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ರಸ್ತೆಯಲ್ಲಿ ಪಾಲಿಕೆಯವರು ಚರಂಡಿ ಮಾಡಿಸುತ್ತಿದ್ದಾರೆ. ಈ ಕೆಲಸ ಮೀಸಲಾತಿಯಲ್ಲಿ ಹೋಗಿದೆ ಎಂದು ಅಕ್ಕಪಕ್ಕದವರು ಹೇಳಿದರು. ಓದಿಗೆ, ನೌಕರಿಗೆ ಮೀಸಲಾತಿ ಇರಲಿ. ಚರಂಡಿಗೂ ಯಾಕೆ? ಗುಣಮಟ್ಟ ಕೆಡುವುದಿಲ್ಲವೇ? ಇನ್ನೊಂದು ಮಾತು. ಅಲ್ಲಿ ದುಡಿಯುವವರಲ್ಲಿ ಒಬ್ಬರೂ ಮೈಸೂರಿನವರಿಲ್ಲ. ನಮ್ಮ ತೆರಿಗೆ ದುಡ್ಡಿನ ಕೆಲಸ ನಮ್ಮ ಹುಡುಗರಿಗೆ ಯಾಕೆ ಸಿಗುತ್ತಿಲ್ಲ?’

ಸಂಪಾದಕರ ಉತ್ತರ:

ನಮಸ್ಕಾರ ಸರ್. ಗುತ್ತಿಗೆ ಯಾರಿಗೆ ಹೋಯಿತು ಎಂದು ಕೇಳುವವರು ಬಹಳ ಜನ ಇದ್ದಾರೆ. ಗುಂಡಿಯೊಳಗೆ ಇಳಿದು ಅಗೆಯುವವರು ಯಾರು ಎಂದು ಕೇಳುವವರು ಕಡಿಮೆ. ನೀವು ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದ್ದೀರಿ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಗುಣಮಟ್ಟದ ಮಾತು. ಮೀಸಲು ಟೆಂಡರಿನಲ್ಲಿ ಬದಲಾಗುವುದು ಯಾರು ಟೆಂಡರ್ ಹಾಕಬಹುದು ಎನ್ನುವುದೊಂದೇ. ಎಸ್ಟಿಮೇಟ್ ಅದೇ, ಸರ್ಕಾರ ಗೊತ್ತುಮಾಡಿದ ಎಸ್‌ಆರ್ ದರ ಅದೇ, ಸಿಮೆಂಟು, ಜಲ್ಲಿ, ಕಂಬಿಯ ಲೆಕ್ಕವೂ ಅದೇ. ಅರ್ಹರ ನಡುವೆ ಪೈಪೋಟಿ ನಡೆದು ಕಡಿಮೆ ದರ ಹಾಕಿದವರಿಗೇ ಕೆಲಸ ಹೋಗುತ್ತದೆ. ಆಮೇಲೆ ಪಾಲಿಕೆಯ ಎಂಜಿನಿಯರ್ ಬಂದು ಅಳತೆ ಹಿಡಿದು ಎಂಬಿ, ಅಂದರೆ ಅಳತೆ ಪುಸ್ತಕ, ಬರೆಯಬೇಕು. ಎಂಬಿ ಆಗದೆ ಬಿಲ್ಲಿಲ್ಲ. ಹೀಗಿರುವಾಗ ಚರಂಡಿ ಆರು ತಿಂಗಳಿಗೇ ಬಿರುಕು ಬಿಟ್ಟರೆ ಕೇಳಬೇಕಾದದ್ದು ಗುತ್ತಿಗೆದಾರರ ಜಾತಿಯನ್ನಲ್ಲ, ಎಂಬಿ ಬರೆದವರನ್ನು. ನಮ್ಮ ಊರುಗಳಲ್ಲಿ ಮೀಸಲಾತಿ ಬರುವ ಮೊದಲೂ ಕಳಪೆ ಚರಂಡಿಗಳಿದ್ದವು. ಆಗ ಯಾರೂ ಗುತ್ತಿಗೆದಾರರ ಜಾತಿ ವಿಚಾರಿಸಲಿಲ್ಲ, ಅಲ್ವಾ?

ಈ ಗುಣಮಟ್ಟದ ವಾದ ಮೈಸೂರಿಗೆ ಹೊಸದೂ ಅಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮುದಾಯಗಳಿಗೂ ಪಾಲು ಸಿಗಬೇಕೆಂದು ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ದಕ್ಷತೆ ಕೆಡುತ್ತದೆ ಎಂಬ ಮಾತು ಆಗಲೂ ಎದ್ದಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಈ ವಿಷಯದಲ್ಲಿ ಒಪ್ಪದೆ ಅದೇ ವರ್ಷ ಹುದ್ದೆ ಬಿಟ್ಟರು. ಅವರ ಮೇಲೆ ನನಗೆ ಅಪಾರ ಗೌರವ ಇದೆ. ಆದರೆ ಈ ಒಂದು ವಿಷಯದಲ್ಲಿ ಮಹಾರಾಜರ ತೀರ್ಮಾನವೇ ಸರಿ ಎಂದು ನಂಬಿದ್ದೇನೆ. 1919ರಲ್ಲಿ ವರದಿ ಬಂತು, ಕಚೇರಿಗಳ ಬಾಗಿಲು ತೆರೆಯಿತು, ಆಡಳಿತವೇನೂ ಕುಸಿದು ಬೀಳಲಿಲ್ಲ.

ನೌಕರಿಗೆ ಬಂದ ಆ ನ್ಯಾಯ ಗುತ್ತಿಗೆಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು. ರಾಜ್ಯದಲ್ಲಿ ಸರ್ಕಾರಿ ಟೆಂಡರುಗಳನ್ನು ನಡೆಸುವುದು 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಅದಕ್ಕೆ ತಿದ್ದುಪಡಿ ತಂದು, 2017ರಿಂದ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿಟ್ಟರು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಶೇ 4, ಪ್ರವರ್ಗ 2ಎಗೆ ಶೇ 15 ಸೇರಿತು. ಮಿತಿಯನ್ನು 2 ಕೋಟಿಗೆ ಏರಿಸಿ ಮುಸ್ಲಿಮರಿರುವ ಪ್ರವರ್ಗ 2ಬಿಗೂ ಶೇ 4 ಕೊಡುವ ಮಸೂದೆ 2025ರ ಮಾರ್ಚ್‌ನಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಯವರಿಗೆ ಕಳಿಸಿದರು.

ಯಾಕೆ ಬೇಕಿತ್ತು ಎಂದರೆ, ಗುತ್ತಿಗೆ ನಡೆಯುವುದು ಬಂಡವಾಳದ ಮೇಲೆ. ಲೈಸೆನ್ಸ್ ಬೇಕು, ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಬೇಕು, ಜೆಸಿಬಿ ಬಾಡಿಗೆ ಕೊಡಬೇಕು, ವಾರದ ಬಟವಾಡೆ ತಪ್ಪಿಸುವ ಹಾಗಿಲ್ಲ. ಬಿಲ್ಲು ಮಾತ್ರ ತಿಂಗಳುಗಟ್ಟಲೆ ತಡ. ಅಡ ಇಡಲು ಜಮೀನು, ಮನೆ ಇದ್ದವರು ಈ ತಡವನ್ನು ತಡೆದುಕೊಂಡರು. ತಲೆಮಾರುಗಳಿಂದ ಕಲ್ಲು ಒಡೆದವರು, ಮಣ್ಣು ಹೊತ್ತವರು ಆಳಾಗಿಯೇ ಉಳಿದರು. ಊರು ಕಟ್ಟಿದ ಕೈಗೆ ಊರಿನ ಟೆಂಡರ್ ಸಿಗಲಿಲ್ಲ.

ಇಷ್ಟಾದರೂ ಕಾನೂನು ಇದ್ದ ಮಾತ್ರಕ್ಕೆ ಕೆಲಸ ಸಿಗುತ್ತದೆ ಎಂದುಕೊಳ್ಳಬೇಡಿ. ಪರಿಶಿಷ್ಟ ಗುತ್ತಿಗೆದಾರರ ಮುಖ್ಯ ದೂರು ‘ಪ್ಯಾಕೇಜ್’ ಬಗ್ಗೆ. ಹತ್ತು ಬೀದಿಯ ಹತ್ತು ಚರಂಡಿಗಳನ್ನು ಹತ್ತು ಟೆಂಡರ್ ಮಾಡಬಹುದಿತ್ತು. ಎಲ್ಲವನ್ನೂ ಒಟ್ಟು ಕಟ್ಟಿ ಒಂದೇ ದೊಡ್ಡ ಟೆಂಡರ್ ಮಾಡಿದರೆ ಮೊತ್ತ ಮಿತಿ ದಾಟುತ್ತದೆ. ಮಿತಿ ದಾಟಿತೆಂದರೆ ಮೀಸಲಾತಿ ಇಲ್ಲ. ಸಣ್ಣವರು ಹೊರಗೆ. ಇನ್ನೊಂದು ದಾರಿ ಕೆಟಿಪಿಪಿ ಕಾಯ್ದೆಯ 4(ಜಿ) ಕಲಂ. ಅದರ ಅಡಿ ಸರ್ಕಾರ ವಿನಾಯಿತಿ ಕೊಟ್ಟರೆ ಟೆಂಡರೇ ಇಲ್ಲದೆ ಕೆಲಸ ಕೊಡಬಹುದು. ಜನ ಇನ್ನೂ ಭೂಸೇನೆ ಎಂದೇ ಕರೆಯುವ ಸರ್ಕಾರಿ ನಿರ್ಮಾಣ ನಿಗಮ ಕೆಆರ್‌ಐಡಿಎಲ್‌ಗೆ ಕೆಲಸಗಳು ಹೋಗುವುದು ಈ ದಾರಿಯಲ್ಲಿ. ಮೂರನೆಯದು ಲೈಸೆನ್ಸ್ ಬಾಡಿಗೆ. ಹೆಸರು ಒಬ್ಬರದು, ದುಡ್ಡು ಇನ್ನೊಬ್ಬರದು, ಲಾಭವೂ ಆ ಇನ್ನೊಬ್ಬರದೇ. ಇದು ನಡೆಯುತ್ತದೆ ಎಂದು ಇಡೀ ಕ್ಷೇತ್ರಕ್ಕೆ ಗೊತ್ತು. ಬಾಡಿಗೆಗೆ ಕೊಟ್ಟವರನ್ನು ಬೈದುಬಿಡುವುದು ಸುಲಭ. ಸ್ವಂತಕ್ಕೆ ಕೆಲಸ ಮಾಡಲು ಅವರ ಕೈಯಲ್ಲಿ ಬಂಡವಾಳ ಇರಲಿಲ್ಲ, ಸಾಲ ಕೊಡಲು ಯಾವ ಬ್ಯಾಂಕೂ ಬರಲಿಲ್ಲ. ಬಿಲ್ಲು ಹೊತ್ತಿಗೆ ಸರಿಯಾಗಿ ಪಾವತಿಯಾದರೆ ಈ ಬಾಡಿಗೆ ವ್ಯವಹಾರ ಅರ್ಧ ತಾನಾಗೇ ನಿಲ್ಲುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಗುತ್ತಿಗೆ ಯಾವ ಜಾತಿಯವರಿಗೇ ಹೋಗಲಿ, ಕೆಲಸ ಕೆಳಗಿಳಿಯುವ ದಾರಿ ಒಂದೇ. ಗುತ್ತಿಗೆದಾರರಿಂದ ತುಂಡು ಗುತ್ತಿಗೆ, ಅಲ್ಲಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಆಳುಗಳು. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಕಡಿದುಕೊಂಡು, ಕೊನೆಗೆ ಉಳಿದದ್ದು ಕೂಲಿ.

ನಿಮ್ಮ ಬೀದಿಯ ಗುಂಡಿಯ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಗಂಡಸರು ಹಾರೆ, ಗುದ್ದಲಿ ಹಿಡಿದು ಒಳಗಿರುತ್ತಾರೆ. ಹೆಂಗಸರು ತಲೆ ಮೇಲೆ ಸಿಂಬಿ ಸುತ್ತಿಕೊಂಡು, ಕಾಂಕ್ರೀಟು ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕಾಂಕ್ರೀಟು ಗಟ್ಟಿಯಾಗುವ ಮುಂಚೆ ಸುರಿದು ಮುಗಿಸಬೇಕು, ನಡುವೆ ಕೂರುವ ಹಾಗಿಲ್ಲ. ರಸ್ತೆ ಬದಿಯ ಹೊಂಗೆ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿರುತ್ತದೆ. ಒಳಗೆ ಮಗು. ಐದಾರು ವರ್ಷದ ಅಕ್ಕ ಪಕ್ಕದಲ್ಲಿ ಕೂತು ತೂಗುತ್ತಿರುತ್ತಾಳೆ. ಆ ಹೊತ್ತಿಗೆ ಅವಳು ಶಾಲೆಯಲ್ಲಿರಬೇಕಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಮನೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾನೂನು ಹೇಳಿತ್ತು. ಹೊಸ ಕಾರ್ಮಿಕ ಸಂಹಿತೆ ಗಂಡು ಹೆಣ್ಣು ಸೇರಿ ಐವತ್ತು ದಾಟಿದರೆ ಎನ್ನುತ್ತದೆ. ಒಂದು ಬೀದಿಯ ಚರಂಡಿಗೆ ಅಷ್ಟು ಜನ ಎಲ್ಲಿ ಬರುತ್ತಾರೆ? ಹೀಗಾಗಿ ಆ ಮಗುವಿನ ಲೆಕ್ಕ ಯಾವ ಕಾನೂನಿಗೂ ಸಿಗುವುದಿಲ್ಲ.

ಬಟವಾಡೆ ದಿನ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು ಬಂದದ್ದು 1976ರಲ್ಲಿ. ಮೇಸ್ತ್ರಿಗಳು ಹೇಳುವುದು, ‘ಹೆಂಗಸರು ಬರೀ ಹೆಲ್ಪರ್, ಗಾರೆ ಕೆಲಸ ಬರಲ್ಲ’ ಎಂದು. ಕಲಿಸಿದವರು ಯಾರು? ಕರಣೆ ಕೈಗೆ ಕೊಟ್ಟವರು ಯಾರು? ಇಪ್ಪತ್ತು ವರ್ಷ ಬಾಂಡ್ಲಿ ಹೊತ್ತ ಹೆಂಗಸು ಬಾಂಡ್ಲಿ ಹೊರುತ್ತಲೇ ಮುದುಕಿಯಾಗುವುದು ನನಗೆ ತಡೆಯಲಾರದ ಅನ್ಯಾಯ ಅನ್ನಿಸುತ್ತದೆ.

ಲೇಬರ್ ಕಾರ್ಡ್ ವಿಷಯ ಕೇಳಿ. ಕಾಮಗಾರಿ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. 1 ಕೋಟಿಯ ಕೆಲಸವಾದರೆ 1 ಲಕ್ಷ ರೂಪಾಯಿ. ಪಿಂಚಣಿ, ಹೆರಿಗೆ ನೆರವು, ಮಕ್ಕಳ ವಿದ್ಯಾರ್ಥಿವೇತನ ಎಲ್ಲ ಆ ದುಡ್ಡಿನಿಂದಲೇ. ಆದರೆ ಕಾರ್ಡ್ ಬೇಕೆಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ತರಬೇಕು. ಈ ವಾರ ಒಬ್ಬ ಮೇಸ್ತ್ರಿ, ಮುಂದಿನ ವಾರ ಇನ್ನೊಬ್ಬ. ಯಾರು ಸಹಿ ಹಾಕುತ್ತಾರೆ? ಒಂದು ಕಡೆ ಬೋಗಸ್ ಕಾರ್ಡುಗಳ ಕಾಟ, ಇನ್ನೊಂದು ಕಡೆ ದಿನವೂ ಸಿಮೆಂಟಿನಲ್ಲಿ ಕೈ ಸುಟ್ಟುಕೊಳ್ಳುವವರಿಗೆ ಕಾರ್ಡೇ ಇಲ್ಲ.

ಅವರು ಹೊರಗಿನವರು ಎಂದಿರಿ. ನಿಜ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಬರುತ್ತಾರೆ. ಬಿಹಾರ, ಒಡಿಶಾ, ಬಂಗಾಳದವರೂ ಇದ್ದಾರೆ. ಅವರ ಮೇಲೆ ದಯವಿಟ್ಟು ಸಿಟ್ಟಾಗಬೇಡಿ. ಊರಲ್ಲಿ ಮಳೆಯಿಲ್ಲದೆ, ಕೆಲಸವಿಲ್ಲದೆ ಶೀಟಿನ ಶೆಡ್ಡಿಗೆ ಬಂದವರು ಅವರು. ಗುತ್ತಿಗೆದಾರರಿಗೆ ಅವರೇ ಬೇಕು, ಯಾಕೆಂದರೆ ಶೆಡ್ಡಿನಲ್ಲೇ ಇರುತ್ತಾರೆ, ಕರೆದಾಗ ಏಳುತ್ತಾರೆ, ಕೂಲಿ ತಡವಾದರೂ ಬಿಟ್ಟು ಹೋಗಲು ದಾರಿಯಿಲ್ಲ. ನಮ್ಮ ಹುಡುಗರು ಬರದಿರುವುದಕ್ಕೆ ಸೋಮಾರಿತನ ಕಾರಣ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಐಟಿಐ, ಡಿಪ್ಲೊಮಾ ಮಾಡಿದ ಹುಡುಗನಿಗೆ ಇಲ್ಲಿ ಪಿಎಫ್ ಇಲ್ಲ, ಕಲಿತು ಮೇಲೆ ಹೋಗುವ ಮೆಟ್ಟಿಲಿಲ್ಲ. ನಂಜನಗೂಡಿನ ಫ್ಯಾಕ್ಟರಿಯ ಗೇಟಿನ ಮುಂದೆ ನಿಲ್ಲುವುದೇ ಅವನಿಗೆ ಜಾಸ್ತಿ ಭರವಸೆ.

ಬೇರೆ ಊರುಗಳು ಏನು ಮಾಡಿವೆ? ಅಮೆರಿಕದ ಬಾಸ್ಟನ್ ನಗರ 1983ರಲ್ಲೇ ಒಂದು ನಿಯಮ ಮಾಡಿತು. ಅದರಡಿ ಬರುವ ಕಾಮಗಾರಿಗಳಲ್ಲಿ ಒಟ್ಟು ದುಡಿಮೆಯ ಗಂಟೆಗಳಲ್ಲಿ ಅರ್ಧ ಆ ಊರಿನವರಿಗೆ, ಕಾಲು ಭಾಗ ಕರಿಯರು ಮೊದಲಾದ ಅಲ್ಪಸಂಖ್ಯಾತರಿಗೆ, ಶೇ 10 ಹೆಂಗಸರಿಗೆ ಸಿಗಬೇಕು ಎಂದು. 2017ರಲ್ಲಿ ಅದನ್ನು ಶೇ 51, ಶೇ 40, ಶೇ 12ಕ್ಕೆ ಏರಿಸಿದರು. ಅಲ್ಲಿಯೂ ತಕರಾರು ಬಂದವು. ಅಮೆರಿಕದ್ದೇ ಆದ ರಿಚ್‌ಮಂಡ್ ನಗರ ಗುತ್ತಿಗೆಯಲ್ಲಿ ಅಲ್ಪಸಂಖ್ಯಾತರಿಗೆ ಇಟ್ಟಿದ್ದ ಶೇ 30 ಪಾಲನ್ನು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅನ್ಯಾಯ ಆಗಿದೆ ಎನ್ನುವುದಕ್ಕೆ ಆ ಊರಿನದೇ ಪುರಾವೆ ತೋರಿಸಿ ಎಂದಿತು. ಆಮೇಲೆ ನಗರಗಳು ಕೂತು ಲೆಕ್ಕ ಹಾಕಲು ಶುರು ಮಾಡಿದವು: ಯಾರಿಗೆ ಎಷ್ಟು ಟೆಂಡರ್, ಎಷ್ಟು ದುಡ್ಡು. ನನಗೆ ಇಷ್ಟವಾದದ್ದು ಬಾಸ್ಟನ್ ಹಿಡಿದ ಅಳತೆಗೋಲು. ಗುತ್ತಿಗೆ ಚೀಟಿಯ ಮೇಲಿನ ಹೆಸರಿಗೆ ನಿಲ್ಲದೆ ಬೆವರಿನ ಗಂಟೆಯನ್ನೂ ಎಣಿಸಿದರು.

ನಮ್ಮ ಪಾಲಿಕೆಗೂ ಇದು ಆಗದ ಕೆಲಸವಲ್ಲ. ಬಿಲ್ಲಿನ ಜೊತೆ ಹಾಜರಿ ಪಟ್ಟಿ ಕಡ್ಡಾಯ ಮಾಡಲಿ. ಅದರಲ್ಲಿ ಹೆಸರು, ಊರು, ದಿನ, ಬ್ಯಾಂಕಿಗೆ ಹಾಕಿದ ಕೂಲಿ ಇರಲಿ. ಅದೇ ಪಟ್ಟಿಯನ್ನು 90 ದಿನದ ದಾಖಲೆ ಎಂದು ಕಾರ್ಮಿಕ ಇಲಾಖೆ ಒಪ್ಪಲಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು ಎಂಬ ಮಾತು 1970ರ ಗುತ್ತಿಗೆ ಕಾರ್ಮಿಕ ಕಾನೂನಿನಲ್ಲೇ ಇತ್ತು. ಹಾಗಾಗಿ ‘ಅದು ಗುತ್ತಿಗೆದಾರರ ವಿಷಯ’ ಎಂದು ಪಾಲಿಕೆ ಕೈ ತೊಳೆದುಕೊಳ್ಳಬಾರದು. ಇದನ್ನೆಲ್ಲ ಸಭೆಯಲ್ಲಿ ಎತ್ತಬೇಕಾದವರು ನಮ್ಮ 65 ವಾರ್ಡಿನ ಸದಸ್ಯರು. ಅವರ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಪಾಲಿಕೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಿಮ್ಮ ಬೀದಿಯ ಕಾಮಗಾರಿಯ ಎಸ್ಟಿಮೇಟ್ ಮತ್ತು ಎಂಬಿ ಪ್ರತಿ ಕೇಳಿ. ಆ ಕೆಲಸ ಯಾವ ಪ್ಯಾಕೇಜಿನಲ್ಲಿದೆ, ಸೆಸ್ ಎಷ್ಟು ಮುರಿದುಕೊಂಡರು, ಆಳುಗಳ ಹಾಜರಿ ಮತ್ತು ಕೂಲಿ ಪಾವತಿಯ ದಾಖಲೆ ಇದೆಯೇ ಎಂದೂ ಕೇಳಿ. ಗುಣಮಟ್ಟದ ಅನುಮಾನ ಇನ್ನೂ ಇದ್ದರೆ, ಕೆಲಸ ನಡೆಯುವ ಜಾಗ ಪರಿಶೀಲಿಸಿ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ 2005ರ ಆ ಕಾಯ್ದೆಯಲ್ಲಿದೆ. ಉತ್ತರ ಬಂದ ಕೂಡಲೇ ನಮಗೊಂದು ಪ್ರತಿ ಕಳಿಸಿ. ಕೂಲಿಯವರ ಖಾಸಗಿ ವಿವರ ಬಿಟ್ಟು ಉಳಿದದ್ದನ್ನು ಇದೇ ಪುಟದಲ್ಲಿ ಹಾಕುತ್ತೇವೆ.