ಸೋಮವಾರದ ‘ನಾಳೆ’ ಗುರುವಾರಕ್ಕೆ ಏನಾಗುತ್ತದೆ?

ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಇಂಗ್ಲಿಷ್ ಶಿಕ್ಷಕರು ಬರೆದ ಪತ್ರದ ಸಾರ ಇದು: “ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂದಿದೆ. ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಮತ್ತು ರಿಪೋರ್ಟೆಡ್ ಸ್ಪೀಚ್ (ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ತಿಳಿಸುವ ರೀತಿ) ಬಗ್ಗೆ ಚೆಂದದ ಅನಿಮೇಷನ್ ವಿಡಿಯೊ ಹುಡುಕಿ ಹತ್ತನೇ ತರಗತಿಗೆ ತೋರಿಸಿದೆ. ಮಕ್ಕಳು ಸದ್ದಿಲ್ಲದೆ ನೋಡಿದರು. ಮರುದಿನ ಟೆಸ್ಟ್ ಕೊಟ್ಟರೆ ಮತ್ತೆ ಅವೇ ತಪ್ಪುಗಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಸರ್ರೀ, ಚಲೋ ಇದ್ದ ವಾಕ್ಯಾನ ಯಾಕ ತಿರುವಿ ಬರೀಬೇಕ್ರಿ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಕಷ್ಟದ ಪಾಠಗಳಿಗೆ ಈ ಯಂತ್ರಗಳಿಂದ ನಿಜವಾಗಿ ಉಪಯೋಗ ಇದೆಯಾ?”

ನಮಸ್ಕಾರ ಸರ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಪಯೋಗ ಖಂಡಿತ ಇದೆ. ಆದರೆ ಆ ಹುಡುಗಿಯ ಪ್ರಶ್ನೆಗೆ ನಿಮ್ಮ ವಿಡಿಯೊದಲ್ಲಿ ಉತ್ತರ ಇರಲಿಲ್ಲ, ಅಲ್ವಾ? ವಾಕ್ಯ ಹೇಗೆ ತಿರುಗುತ್ತದೆ ಅಂತ ಅದು ತೋರಿಸಿತು. ಪದಗಳು ಆಚೆಯಿಂದ ಈಚೆಗೆ ಓಡಿದವು, ಬಾಣದ ಗುರುತು ಬಂತು, ಬಣ್ಣ ಬಂತು. ಇಷ್ಟು ದಿನ ಸೀಮೆಸುಣ್ಣದಲ್ಲಿ ನೀವು ಮಾಡುತ್ತಿದ್ದುದನ್ನೇ ಪರದೆ ಮಾಡಿತು. ಬೋರ್ಡಿನಿಂದ ಆಗದ ಕೆಲಸಕ್ಕೆ ಯಂತ್ರವನ್ನು ಕರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನೂ ಕೊಪ್ಪಳ ಜಿಲ್ಲೆಯ ಕನ್ನಡ ಮಾಧ್ಯಮದಲ್ಲೇ ಓದಿದವನು. ‘ರಾಮ ಕಿಲ್ಡ್ ರಾವಣ’, ‘ರಾವಣ ವಾಸ್ ಕಿಲ್ಡ್ ಬೈ ರಾಮ’ ಅಂತ ನೋಟ್‌ಬುಕ್ಕಿನ ತುಂಬ ಬರೆದಿದ್ದೇನೆ. ಯಾಕೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮ ಹುಡುಗಿ ಕೇಳಿದ್ದಾಳೆ. ಅದು ದೊಡ್ಡ ವಿಷಯ. ನನಗೆ ಅದರ ಮರ್ಮ ತಿಳಿದಿದ್ದು ಪತ್ರಿಕೆ ಕೆಲಸಕ್ಕೆ ಸೇರಿ, ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರಲು ಕೂತಾಗ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು. ಎಡದಂಡೆ ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವ ನಿಮ್ಮ ಕಡೆ ಆ ವಾರ ಬೇರೆ ಮಾತೇ ಇರಲಿಲ್ಲ. ಆ ದಿನಗಳ ಒಂದು ನಿಮಿಷದ ದೃಶ್ಯ ಪ್ರೊಜೆಕ್ಟರ್‌ನಲ್ಲಿ ಹಾಕಿ. ಸದ್ದು ತೆಗೆದುಬಿಡಿ. ನೀರು ಧುಮ್ಮಿಕ್ಕುತ್ತಿದೆ. ‘ಇದನ್ನು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಿರಿ’ ಅನ್ನಿ. ಮಕ್ಕಳು ಬರೆಯಲು ಹೋಗುತ್ತಾರೆ. ನೀರು ಬಿಟ್ಟವರು ಯಾರು? ಹೆಸರು ಗೊತ್ತಿಲ್ಲ. ವಾಕ್ಯ ಯಾರಿಂದ ಶುರು ಮಾಡುವುದು? ಪೆನ್ನು ನಿಲ್ಲುತ್ತದೆ. ವಿಡಿಯೊವನ್ನೂ ಅಲ್ಲೇ ನಿಲ್ಲಿಸಿ. ಈಗ ‘ವಾಟರ್ ವಾಸ್ ರಿಲೀಸ್ಡ್’ ಅಂತ ಬರೆಯಿರಿ. ಬಿಟ್ಟವರು ಯಾರಾದರೂ ಇರಲಿ, ನದಿ ದಂಡೆಯ ಊರಿನವರಿಗೆ ಬೇಕಾದದ್ದು ನೀರಿನ ಸುದ್ದಿ. ಅದಕ್ಕೇ ನೀರು ವಾಕ್ಯದ ಮುಂದೆ ಬಂದು ಕೂತಿದೆ.

ಇದು ನಮ್ಮ ಮಕ್ಕಳಿಗೆ ಹೊಸದೇನೂ ಅಲ್ಲ. ‘ನೀರು ಬಿಡಲಾಯಿತು’, ‘ಪರೀಕ್ಷೆ ಮುಂದೂಡಲಾಗಿದೆ’, ‘ಈ ಮೂಲಕ ತಿಳಿಸಲಾಗಿದೆ’. ಶಾಲೆಯ ನೋಟಿಸ್ ಬೋರ್ಡ್ ಮೇಲೆ ದಿನಾ ನೋಡುವುದು ಇದನ್ನೇ. ಮೊಬೈಲಿನಲ್ಲಿ ಆ ನೋಟಿಸಿನ ಫೋಟೊ ತೆಗೆದು ಪರದೆಗೆ ಹಾಕಿ, ‘ಯಾರು ಮುಂದೂಡಿದರು?’ ಅಂತ ಕೇಳಿ. ಪಕ್ಕದಲ್ಲಿ ಒಂದು ಇಂಗ್ಲಿಷ್ ಸುದ್ದಿಯ ಚಿತ್ರವೂ ಇರಲಿ.

ಒಂದು ಕಡೆ ಮಾತ್ರ ಹುಷಾರು. ‘ದ ಗೇಟ್ ವಾಸ್ ವಾಷ್ಡ್ ಅವೇ’ ಅನ್ನುವುದು ಇಂಗ್ಲಿಷಿನಲ್ಲಿ ಪ್ಯಾಸಿವ್. ನಾವು ‘ಗೇಟು ಕೊಚ್ಚಿಕೊಂಡು ಹೋಯಿತು’ ಅನ್ನುತ್ತೇವೆ. ‘ಕೊಚ್ಚಲ್ಪಟ್ಟಿತು’ ಅಂತ ಯಾರೂ ಅನ್ನುವುದಿಲ್ಲ. ನಿಮ್ಮ ಪಕ್ಕದ ಮಸ್ಕಿಯನ್ನೇ ತೆಗೆದುಕೊಳ್ಳಿ. ಅಶೋಕನ ಹೆಸರಿರುವ ಅಲ್ಲಿನ ಶಾಸನ 1915ರಲ್ಲಿ ‘ಪತ್ತೆಯಾಯಿತು’. ಇಂಗ್ಲಿಷಿನಲ್ಲಿ ‘ವಾಸ್ ಡಿಸ್ಕವರ್ಡ್’. ಪದಕ್ಕೆ ಪದ ಇಟ್ಟು ಹೋದ ಮಗು ಇಲ್ಲೇ ಎಡವುತ್ತದೆ. ಎರಡೂ ಭಾಷೆ ಬಲ್ಲ ನೀವು ಇದನ್ನು ಬಿಡಿಸಿ ಹೇಳಬೇಕು. ಎಲ್ಲೋ ಬೇರೆ ಊರಿನಲ್ಲಿ, ಬೇರೆ ಮಕ್ಕಳಿಗಾಗಿ ಮಾಡಿದ ವಿಡಿಯೊ ಇದನ್ನು ಹೇಳುವುದಿಲ್ಲ.

ಇನ್ನು ರಿಪೋರ್ಟೆಡ್ ಸ್ಪೀಚ್. ಇದಕ್ಕೆ ಪ್ರೊಜೆಕ್ಟರ್ ಕೂಡ ಬೇಡ, ನಿಮ್ಮ ಜೇಬಿನ ಫೋನ್ ಸಾಕು. ಕಳೆದ ತಿಂಗಳು ಗಂಗಾವತಿಯಲ್ಲಿ ಅಕ್ಕನ ಮನೆಯಲ್ಲಿ ಮಾಡಿ ನೋಡಿದೆ. ಅಕ್ಕನ ಮಗಳು ಒಂಬತ್ತನೇ ತರಗತಿ. ಸೋಮವಾರ ಅವಳ ಗೆಳತಿಗೆ ಅಕ್ಕನ ವಾಟ್ಸ್ಆ್ಯಪ್‌ಗೆ ಒಂದು ವಾಯ್ಸ್ ಮೆಸೇಜ್ ಕಳಿಸಲು ಹೇಳಿದ್ದೆ: ‘ಐ ವಿಲ್ ಬ್ರಿಂಗ್ ಯುವರ್ ಬುಕ್ ಟುಮಾರೋ.’ ಗುರುವಾರ ಅದನ್ನು ಹಾಕಿ ಕೇಳಿಸಿದೆ.

“ನಾಳೆ ಅಂದ್ರೆ ಯಾವತ್ತು?”

“ಶುಕ್ರವಾರ,” ಅಂದಳು. ಆಮೇಲೆ ಫೋನನ್ನು ಕೈಗೆ ತಗೊಂಡು ನೋಡಿದಳು. ಮೆಸೇಜಿನ ಮೇಲೆ ಸೋಮವಾರ ಅಂತ ಇತ್ತು. ಮತ್ತೆ ಹಾಕಿ ಕೇಳಿದಳು. “ಅಲ್ಲ ಮಾಮಾ, ಮಂಗಳವಾರ. ಅದು ಮುಗದೇ ಹೋತು.”

ಮುಗಿದ ಮೇಲೆ ಅದು ‘ಟುಮಾರೋ’ ಆಗಿ ಹೇಗೆ ಉಳಿಯುತ್ತದೆ? ‘ದ ನೆಕ್ಸ್ಟ್ ಡೇ’ ಆಯಿತು. ‘ವಿಲ್’ ಹಿಂದೆ ಸರಿದು ‘ವುಡ್’ ಆಯಿತು. ‘ಐ’ ಅಂದಿದ್ದು ಗೆಳತಿ, ಹಾಗಾಗಿ ‘ಶಿ’. ‘ಯುವರ್’ ಅಂದರೆ ತನ್ನದೇ, ಹಾಗಾಗಿ ‘ಮೈ’. ನಾಲ್ಕೂ ಬದಲಾವಣೆಗಳನ್ನು ಅವಳೇ ಮಾಡಿದಳು: ‘ಶಿ ಸೆಡ್ ದಟ್ ಶಿ ವುಡ್ ಬ್ರಿಂಗ್ ಮೈ ಬುಕ್ ದ ನೆಕ್ಸ್ಟ್ ಡೇ.’ ನಾನು ಒಂದೂ ನಿಯಮ ಹೇಳಿರಲಿಲ್ಲ. ಆಡಿದ ದಿನ ಹಿಂದೆ ಉಳಿದು, ಮಾತು ಮಾತ್ರ ಹಾಗೇ ಕೈಯಲ್ಲಿತ್ತು. ಬೋರ್ಡ್ ಮೇಲೆ ಬರೆದ ವಾಕ್ಯಕ್ಕೆ ದಿನ ಇಲ್ಲ, ದನಿ ಇಲ್ಲ, ಆಡಿದವರೂ ಇಲ್ಲ. ಗೆಳತಿಯ ಮಾತನ್ನು ಅದೇ ಸೋಮವಾರ ಸಂಜೆಯೇ ಇನ್ನೊಬ್ಬರಿಗೆ ತಿಳಿಸಿದ್ದರೆ ‘ಟುಮಾರೋ’ ಹಾಗೇ ಉಳಿಯಬಹುದಿತ್ತು ಅನ್ನುವುದನ್ನೂ ಮಕ್ಕಳಿಗೆ ತಿಳಿಸಿ.

ಕನ್ನಡದಲ್ಲಿ ನಮಗೆ ಈ ಕಷ್ಟವೇ ಇಲ್ಲ. ‘ನಾಳೆ ಬರ್ತೀನಿ ಅಂತ ಹೇಳಿದಳು’ ಅಂದರೆ ಮುಗಿಯಿತು. ‘ಅಂತ’ ಅನ್ನುವ ಪದ ಆಡಿದ ಮಾತನ್ನು ಇದ್ದ ಹಾಗೇ ಹೊತ್ತು ತರುತ್ತದೆ. ನಮ್ಮ ಮಕ್ಕಳ ತಪ್ಪಿಗೆ ದೊಡ್ಡ ಕಾರಣ ಇದು, ದಡ್ಡತನ ಅಂತ ದಯವಿಟ್ಟು ತಿಳಿಯಬೇಡಿ.

ಉಚ್ಚಾರದ ಬಗ್ಗೆಯೂ ಒಂದು ಮಾತು. ‘ವಾಕ್ಡ್’ ಕೊನೆಯಲ್ಲಿ ‘ಟ್’ ಸದ್ದು, ‘ಪ್ಲೇಡ್’ ಕೊನೆಯಲ್ಲಿ ‘ಡ್’, ‘ವಾಂಟೆಡ್’ನಲ್ಲಿ ‘ಇಡ್’. ಬರೆಯುವಾಗ ಮೂರಕ್ಕೂ ಒಂದೇ ಬಾಲ, ‘ed’. ಇದನ್ನು ಕಿವಿಯಿಂದ ಕಲಿಯಬೇಕು. ಆಡಿಯೊದ ವೇಗ ಇಳಿಸಿ ಕೇಳಿಸಿ, ಆಮೇಲೆ ಅವರ ದನಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. ಎಸ್ಸೆಸ್ಸೆಲ್ಸಿಯ 80 ಅಂಕದ ಬರವಣಿಗೆಯಲ್ಲಿ ಇದಕ್ಕೆ ಜಾಗ ಇಲ್ಲ, ನಿಜ. ಆದರೂ ಬಿಡಬೇಡಿ. ಪಿಯುಸಿಗೆ ಹೋದಾಗ ಬಾಯಿ ತೆರೆಯಲು ಹೆದರಿ ಕೂರುವವರು ಇದೇ ಮಕ್ಕಳು.

ಫೋನಿನಲ್ಲಿ ಮಾಡಬೇಕಾದ ಹೋಮ್‌ವರ್ಕ್ ಮಾತ್ರ ಕೊಡಲೇಬೇಡಿ ಸರ್. ಬಹಳ ಮನೆಗಳಲ್ಲಿ ಇರುವುದು ಒಂದೇ ಫೋನ್. ಅಪ್ಪ ಅವ್ವ ಗುಳೆ ಹೋದರೆ ಅದೂ ಅವರ ಜೊತೆ ಬೆಂಗಳೂರಿಗೆ ಹೋಗುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳೇ ಹೊಲದಲ್ಲಿರುತ್ತಾರೆ. ಕೆಲಸ ಎಲ್ಲ ತರಗತಿಯಲ್ಲೇ, ನಿಮ್ಮ ಒಂದು ಫೋನಿನಲ್ಲೇ ಮುಗಿಯಲಿ. ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ಪಾಠ ಹಾಕಿಕೊಳ್ಳಬೇಡಿ. 2017ರಿಂದ ಇರುವ, ಶಾಲಾ ಪಾಠಗಳ ಸರ್ಕಾರಿ ಆ್ಯಪ್ ದೀಕ್ಷಾದ ಪಾಠಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಿಗುತ್ತವೆ. ಪೂರ್ತಿ ವಿಡಿಯೊ ಹಾಕುವ ಬದಲು ನಿಮಗೆ ಬೇಕಾದ ಎರಡು ನಿಮಿಷ ಆರಿಸಿಕೊಳ್ಳಿ. ಎಲ್ಲಿ ನಿಲ್ಲಿಸಬೇಕು ಅಂತ ಹಿಂದಿನ ರಾತ್ರಿಯೇ ಗುರುತು ಮಾಡಿಟ್ಟುಕೊಳ್ಳಿ.

ಮೊದಲು ಅಣೆಕಟ್ಟೆಯ ಪಾಠ ಮಾಡಿ. ಸದ್ದಿಲ್ಲದ ಆ ಒಂದು ನಿಮಿಷ ಓಡುವಾಗ ಹಿಂದಿನ ಬೆಂಚಿನ ಹುಡುಗಿಯನ್ನು ಮುಂದೆ ಕೂರಿಸಿಕೊಳ್ಳಿ. ಅವಳು ಬರೆದ ಸಾಲನ್ನು ಇದ್ದ ಹಾಗೇ ನನಗೆ ಕಳಿಸಿ, ತಪ್ಪಿದ್ದರೂ ತಿದ್ದದೆ.

ನಿಮ್ಮ,
ಸಂಪಾದಕ