ರಾತ್ರಿಯೇ ಹೆಣೆದು ಮಲಗು, ಬೆಳಿಗ್ಗೆ ಕೂದಲು ಎದ್ದು ನಿಲ್ಲುತ್ತದೆ

ತಂಗಿ, ನಿನ್ನ ಮೆಸೇಜ್ ಓದಿದೆ. ಯಲ್ಲಾಪುರದ ಕಡೆಯಿಂದ ನರ್ಸ್ ಕೆಲಸಕ್ಕೆ ಲಂಡನ್ನಿಗೆ ಬಂದಿದ್ದೀಯ. ಊರಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟುತ್ತಿದ್ದ ಕೂದಲನ್ನು ಇಲ್ಲಿ ಬಿಚ್ಚಿ, ದುಂಡಗೆ ಆಫ್ರೋ ಬಿಟ್ಟಿದ್ದೀಯ. ಅದು ಕೇಳಿ ತುಂಬಾ ಖುಷಿಯಾಯಿತು. ಆದರೆ ಬೆಳಿಗ್ಗೆ ಎದ್ದರೆ ಒಂದು ಮಗ್ಗುಲು ಚಪ್ಪಟೆ, ಕುತ್ತಿಗೆ ಹಿಂದೆ ಸಿಕ್ಕು, ಬಾಚಿದರೆ ಕೈತುಂಬ ಕೂದಲು. 'ಸ್ಟ್ರೇಟ್ ಮಾಡಿಸಿಬಿಡಲಾ ಅಕ್ಕಾ?' ಅಂತ ಕೇಳಿದ್ದೀಯ. ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಹಳಿಯಾಳದ ಕಡೆಯವಳು. ನಿನ್ನದೂ ನನ್ನದೂ ಒಂದೇ ಥರದ ಕೂದಲು. ಆಫ್ರಿಕಾ ಮೂಲದ ನಮ್ಮ ಸಿದ್ದಿ ಜನರ ಕೂದಲು ಬುಡದಿಂದಲೇ ಸಣ್ಣ ಸಣ್ಣ ಸುರುಳಿಯಾಗಿ ಬೆಳೆಯುತ್ತದೆ. ನೇರ ಕೂದಲಿದ್ದವರಿಗೆ ನೆತ್ತಿಯ ಜಿಡ್ಡು ಸಲೀಸಾಗಿ ತುದಿವರೆಗೆ ಇಳಿಯುತ್ತದೆ. ನಮಗೆ ಹಾಗಲ್ಲ, ಸುರುಳಿಗಳಲ್ಲಿ ಅದು ತುದಿ ಮುಟ್ಟುವುದು ಕಷ್ಟ. ತುದಿ ಒಣಗುತ್ತದೆ, ಒಣಗಿದ್ದು ಪಕ್ಕದ ಎಳೆಗೆ ಸುತ್ತಿಕೊಳ್ಳುತ್ತದೆ. ಕೆಲವು ಸಲ ಒಂದೇ ಎಳೆ ತನಗೆ ತಾನೇ ಗಂಟು ಬೀಳುತ್ತದೆ. ಹಾಗಾಗಿ ಈ ಕೂದಲಿಗೆ ಮೊದಲು ಬೇಕಾದ್ದು ನೀರು. ಎಣ್ಣೆ ಆಮೇಲೆ. ಒಣ ಕೂದಲ ಮೇಲೆ ಸುಮ್ನೆ ಎಣ್ಣೆ ಸುರಿದರೆ ಜಿಡ್ಡಾಗುತ್ತದೆ, ಒಣಗಿದ್ದು ಹೋಗುವುದಿಲ್ಲ. ಭಾರಕ್ಕೆ ಕೂದಲು ಇನ್ನಷ್ಟು ಕುಸಿಯುತ್ತದೆ.

ತೆಂಗಿನೆಣ್ಣೆ ಬಿಡಬೇಕಂತಲ್ಲ. ತಲೆ ತೊಳೆಯುವ ಮೊದಲು ಹಚ್ಚು. ಅದು ಕೂದಲೆಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ ಅಂತ 2003ರಲ್ಲಿ ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಇಲ್ಲಿನ ಚಳಿಗೆ ಬಾಟಲಿಯೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹಾಗೇ. ಬಿಸಿನೀರಲ್ಲಿ ಬಾಟಲಿ ಇಟ್ಟು ಕರಗಿಸಿಕೋ.

ಲಂಡನ್ನಿನ ನೀರು ಗಡಸು. ಕೆಟಲ್ ಒಳಗೆ ಬಿಳಿ ಪದರ ಕಟ್ಟಿದ್ದು ನೋಡಿದ್ದೀಯಲ್ಲ, ಆ ಸುಣ್ಣವೇ ಕೂದಲಿಗೂ ಹತ್ತುತ್ತದೆ. ಕೂದಲು ಒರಟಾಗುತ್ತದೆ. ಗಡಸು ನೀರಿಗೆಂದೇ ಬರುವ ಶಾಂಪೂ ಇದೆ, ತಿಂಗಳಿಗೊಮ್ಮೆ ಸಾಕು. ಉಳಿದ ವಾರ ಮೃದುವಾದ ಶಾಂಪೂ ಬಳಸು.

ತಲೆ ತೊಳೆಯುವ ದಿನ ಮಾತ್ರ ಅವಸರ ಮಾಡಬೇಡ. ಡ್ಯೂಟಿ ಇಲ್ಲದ ದಿನವನ್ನೇ ಇಟ್ಟುಕೋ. ಕೂದಲನ್ನು ಆರೆಂಟು ಭಾಗ ಮಾಡಿ ಸಡಿಲವಾಗಿ ಹೆಣೆ. ಹೆಣೆದಿದ್ದ ಹಾಗೆಯೇ ಶಾಂಪೂ ಹಾಕಿ ನೆತ್ತಿಯನ್ನಷ್ಟೇ ಬೆರಳ ತುದಿಯಿಂದ ಉಜ್ಜು. ತೊಳೆದ ಮೇಲೆ ಒಂದು ಭಾಗ ಬಿಚ್ಚು. ನೀರು ತೊಟ್ಟಿಕ್ಕುತ್ತಿರುವಾಗಲೇ ಕಂಡೀಷನರ್ ಧಾರಾಳವಾಗಿ ಹಚ್ಚು. ಬೆರಳ ನಡುವೆ ಕೂದಲು ಜಾರಬೇಕು. ಜಾರದಿದ್ದರೆ ಇನ್ನಷ್ಟು ನೀರು, ಇನ್ನಷ್ಟು ಕಂಡೀಷನರ್. ಬಾಚಣಿಗೆ ಮುಟ್ಟುವ ಮೊದಲು ಬೆರಳಲ್ಲೇ ಬಿಡಿಸು. ಗಂಟು ಸಿಕ್ಕಿದರೆ ಅದರ ಮೇಲ್ಗಡೆ ಎಡಗೈಯಲ್ಲಿ ಹಿಡಿದುಕೋ, ಆಗ ಬುಡ ಎಳೆದು ನೋವಾಗುವುದಿಲ್ಲ. ಬಲಗೈಯಿಂದ ಒಂದೊಂದೇ ಎಳೆ ಹೊರಗೆ ತೆಗೆ. ಎಲ್ಲ ಸಡಿಲಾದ ಮೇಲೆ ಅಗಲ ಹಲ್ಲಿನ ಬಾಚಣಿಗೆ ತಗೊಂಡು ತುದಿಯಿಂದ ಶುರು ಮಾಡು, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗು. ಬಿಡಿಸಿದ ಭಾಗವನ್ನು ಆಗಲೇ ಮತ್ತೆ ಹೆಣೆದುಬಿಡು, ಇಲ್ಲದಿದ್ದರೆ ಪಕ್ಕದ್ದು ಬಿಡಿಸುವಷ್ಟರಲ್ಲಿ ಇದು ಮತ್ತೆ ಸಿಕ್ಕಾಗುತ್ತದೆ.

ಕೈತುಂಬ ಕೂದಲು ಬಂತು ಅಂತ ಹೆದರಿದ್ದೀಯಲ್ಲ, ಅದಕ್ಕೆ ಕಾರಣ ಇದೆ. ಯಾರಿಗಾದರೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ನೇರ ಕೂದಲು ದಿಂಬಿನ ಮೇಲೆ, ನೆಲದ ಮೇಲೆ ಬೀಳುತ್ತದೆ. ನಮ್ಮದು ಉದುರಿದರೂ ಸುರುಳಿಯೊಳಗೇ ಸಿಕ್ಕಿಕೊಂಡಿರುತ್ತದೆ, ವಾರದ್ದೆಲ್ಲ ಒಂದೇ ದಿನ ಕೈಗೆ ಬರುತ್ತದೆ. ಉದ್ದನೆಯ ಎಳೆಯಾಗಿ ಬಂದರೆ ಚಿಂತೆ ಬೇಡ. ಸಣ್ಣ ಸಣ್ಣ ತುಂಡಾಗಿ ಬಂದರೆ ಕೂದಲು ಮುರಿಯುತ್ತಿದೆ ಅಂತ ಅರ್ಥ, ಆಗ ಕೈ ನಿಧಾನ ಮಾಡು.

ಒರೆಸಲು ಟವೆಲ್ ಬೇಡ, ಹಳೇ ಕಾಟನ್ ಬಟ್ಟೆಯಿಂದ ಒತ್ತಿ ನೀರು ತೆಗೆ.

ಇನ್ನು ಚಪ್ಪಟೆಯಾಗುವ ವಿಷಯ. ನೀನು ಬೆಳಿಗ್ಗೆ ಒದ್ದಾಡುತ್ತಿದ್ದೀಯ, ಆದರೆ ಇದು ರಾತ್ರಿಯ ಕೆಲಸ. ಬಿಟ್ಟ ಕೂದಲಲ್ಲೇ ಮಲಗಿದರೆ ದಿಂಬಿನ ಕಾಟನ್ ಕವರ್ ತೇವ ಹೀರುತ್ತದೆ, ಉಜ್ಜಿ ಉಜ್ಜಿ ಗಂಟು ಮಾಡುತ್ತದೆ, ತಲೆಯ ಭಾರಕ್ಕೆ ಆ ಮಗ್ಗುಲು ಒತ್ತಿಹೋಗುತ್ತದೆ. ಎಷ್ಟೇ ಸುಸ್ತಾಗಿದ್ದರೂ ಮಲಗುವ ಮೊದಲು ಸ್ವಲ್ಪ ನೀರು ಚಿಮುಕಿಸಿ, ತುದಿಗೆ ಚೂರು ಶಿಯಾ ಬೆಣ್ಣೆ (ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆದ ಜಿಡ್ಡು) ಸವರಿ, ಎಂಟ್ಹತ್ತು ದಪ್ಪ ಜಡೆ ಹಾಕು. ಸಡಿಲವಾಗಿರಲಿ. ಮೇಲೆ ಸ್ಯಾಟಿನ್ ಟೋಪಿ. ಟೋಪಿ ಜಾರುತ್ತದೆ ಅನ್ನಿಸಿದರೆ ದಿಂಬಿಗೂ ಸ್ಯಾಟಿನ್ ಕವರ್ ಹಾಕು. ಜಡೆಯಲ್ಲಿ ರಾತ್ರಿಯೆಲ್ಲ ಎಳೆದುಕೊಂಡಿದ್ದ ಕೂದಲು ಬೆಳಿಗ್ಗೆ ಬಿಚ್ಚಿದಾಗ ಉದ್ದವಾಗಿ, ಎದ್ದು ನಿಂತಿರುತ್ತದೆ. ಬೆಳಿಗ್ಗೆ ತುಂಬಾ ನೀರು ಹಾಕಿದರೆ ಮತ್ತೆ ಕುಗ್ಗುತ್ತದೆ. ನಮ್ಮ ಕೂದಲು ಒದ್ದೆಯಾಗಿ ಒಣಗಿದರೆ ಅರ್ಧಕ್ಕಿಂತ ಜಾಸ್ತಿ ಉದ್ದ ಒಳಗೆ ಹೋಗುವುದುಂಟು. ಮಳೆಗೂ ಹಾಗೇ, ಕೊಡೆ ಜೊತೆಗಿರಲಿ.

ಆಕಾರ ಕೊಡಲು ಪಿಕ್ ಬಳಸು. ಉದ್ದ ಹಲ್ಲಿನ ಆ ಬಾಚಣಿಗೆಯನ್ನು ಬುಡದಲ್ಲಿ ತೂರಿಸಿ ಮೇಲಕ್ಕೆ ಎತ್ತು, ಅರ್ಧಕ್ಕೇ ನಿಲ್ಲಿಸಿ ಹೊರಗೆ ತೆಗೆ. ತುದಿವರೆಗೆ ಎಳೆಯಬೇಡ. 2013ರಲ್ಲಿ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿ ಈ ಬಾಚಣಿಗೆಯದ್ದೇ ದೊಡ್ಡ ಪ್ರದರ್ಶನ ನಡೆದಿತ್ತು. ಹಳೇ ಈಜಿಪ್ಟಿನ ಬಾಚಣಿಗೆಗಳಿಂದ ಇವತ್ತಿನ ಪ್ಲಾಸ್ಟಿಕ್ ಪಿಕ್‌ವರೆಗೆ 6,000 ವರ್ಷಗಳ ಕತೆ. ನಿನ್ನ ಕೈಯಲ್ಲಿರುವುದು ಅಷ್ಟು ಹಳೇ ವಸ್ತು.

ವಾರ್ಡಿನಲ್ಲಿ ಕೂದಲು ಕಾಲರ್‌ಗೆ ತಾಗಬಾರದು ಅನ್ನುತ್ತಾರೆ, ಅದು ಎಲ್ಲರಿಗೂ ಇರುವ ನಿಯಮ. ಮೃದುವಾದ ಬಟ್ಟೆಯ ಬ್ಯಾಂಡ್‌ನಿಂದ ಎತ್ತಿ, ಚೆಂಡಿನ ಹಾಗೆ ದುಂಡಗೆ ಪಫ್ ಕಟ್ಟು. ರಬ್ಬರ್ ಬ್ಯಾಂಡ್ ಬೇಡ. ದಿನವೂ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಹೋಗುತ್ತದೆ, ಕೆಲವರಿಗೆ ಮತ್ತೆ ಬರುವುದೇ ಇಲ್ಲ. ಚಳಿಗೆ ಉಣ್ಣೆ ಟೋಪಿ ಹಾಕುವಾಗ ಒಳಗೆ ಸ್ಯಾಟಿನ್ ಬಟ್ಟೆ ಇರಲಿ.

ಈಗ ಸ್ಟ್ರೇಟ್ ಮಾಡಿಸುವ ಮಾತು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಪದೇ ಪದೇ ಬಳಸಿದ ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡಿದೆ ಅಂತ 2022ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹೇಳಿತು. ಅದರಿಂದಲೇ ಬರುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಆದರೆ ನೀನು ನರ್ಸ್, ಇಷ್ಟು ಸಾಕಲ್ವಾ? ಅದೇ ವರ್ಷ ಇಲ್ಲಿನ ಸಮಾನತಾ ಆಯೋಗ ಶಾಲೆಗಳಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಆಫ್ರೋ ಬಿಟ್ಟ ಮಕ್ಕಳನ್ನು ಅದೇ ಕಾರಣಕ್ಕೆ ತಡೆಯುವುದು ಕಾನೂನಿಗೆ ವಿರುದ್ಧವಾಗಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ನಮ್ಮ ಕೂದಲನ್ನು ನೋಡಿ ಮುಖ ಸಿಂಡರಿಸಿದವರನ್ನು ನಾವಿಬ್ಬರೂ ಊರಲ್ಲಿ ಬೇಕಾದಷ್ಟು ನೋಡಿದ್ದೇವೆ. ಅವರಿಗಾಗಿ ಇದನ್ನು ನೇರ ಮಾಡುವುದು ನನಗಂತೂ ಸಹಿಸಲಾಗದ ಮಾತು.

ಬೇಕಾದ ಸಾಮಾನೆಲ್ಲ ಪೆಕ್ಹ್ಯಾಮ್‌ನ ರೈ ಲೇನ್‌ನಲ್ಲೂ ಬ್ರಿಕ್ಸ್‌ಟನ್‌ನಲ್ಲೂ ಸಿಗುತ್ತದೆ. ದುಬಾರಿ ಡಬ್ಬಿ ಬೇಕಿಲ್ಲ. ಒಂದು ಕಂಡೀಷನರ್, ಬಾಚಣಿಗೆ, ಪಿಕ್, ಸ್ಯಾಟಿನ್ ಟೋಪಿ, ಚೂರು ಶಿಯಾ ಬೆಣ್ಣೆ, ಒಂದು ಸ್ಪ್ರೇ ಬಾಟಲಿ. ಒಂದು ಶನಿವಾರ ಬಿಡುವಿದ್ದರೆ ಹೇಳು, ಜೊತೆಗೆ ಹೋಗೋಣ. ಬರುವಾಗ ತಲೆ ತೊಳೆಯದೇ ಬಾ, ಕುತ್ತಿಗೆ ಹಿಂದಿನ ಆ ಸಿಕ್ಕನ್ನು ನಮ್ಮ ಮನೆಯಲ್ಲೇ ಕೂತು ಬಿಡಿಸೋಣ.